ಇಳಿಜಾರಿನಲ್ಲಿ ನಿಂತ ಜೀಪು

ನಮ್ಮ ಕಾಕಾಗೆ ತಮ್ಮ ಮದುವೆಯ ತಾರೀಖು ಕೇಳಿದರೆ ಗೋಡೆ ನೋಡುತ್ತಾರೆ. ಜಗತ್ತಿನ ಯಾವ ಗಾಡಿ ಯಾವ ತಾರೀಖಿಗೆ ರಸ್ತೆಗಿಳಿಯಿತೆಂಬುದು ಮಾತ್ರ ಬಾಯಿಪಾಠ! ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಔರಾದ ಬಿಟ್ಟು ಬೀದರ್ ಹತ್ತಿರ ನೌಬಾದಿನ ನಮ್ಮ ಮನೆಗೆ ಬಂದವರು. ನಾನಾಗ ತೊಟ್ಟಿಲಲ್ಲಿದ್ದೆ. ಅಂದಿನಿಂದ ಬೆಳಗಿನ ಚಹಾದ ಜೊತೆ ದಿನಕ್ಕೊಂದು ಗಾಡಿಯ ಚರಿತ್ರೆ.

“ಇವತ್ತಿನ ದಿನಾನೇ ಜರ್ಮನ್ಯಾಗ ಒಬ್ಬಾಕಿ ಗಂಡಗ ಹೇಳದೇ ಕಾರ್ ತಗೊಂಡು ಹೊಂಟಳು. ಜಗತ್ತಿನ್ಯಾಗ ಕಾರಿನ ಮೊದಲನೇ ದೂರ ಪ್ರಯಾಣ ಎಲ್ಲಿಗಿ? ತವರಮನಿಗಿ!”

“ಆಕಿಗಿ ಕಾರಿತ್ತು,” ಅಡುಗೆಮನೆಯಿಂದ ಅವ್ವ. “ನನಗ ಭಾಲ್ಕಿ ಬಸ್ಸಿಗಿ ಬಿಡ್ಲಿಕ್ಕೂ ನಿಮ್ಮ ಅಣ್ಣಗ ಪುರಸೊತ್ತಿಲ್ಲ!”

ಬ್ಯಾಟರಿ ಎಷ್ಟೇ ಹೊಸದಿರಲಿ, ಧಕ್ಕಾ ಇಲ್ಲದೆ ಉರುಳಿ ಚಾಲೂ ಆಗಲೆಂದು ಕಾಕಾ ತಮ್ಮ ಜೀಪನ್ನು ಇಳಿಜಾರಿನಲ್ಲಲ್ಲದೆ ನಿಲ್ಲಿಸುವವರಲ್ಲ. ಭಾಲ್ಕಿಯ ಒಂದು ಮದುವೆಗೆ ಹೋದಾಗ ಇಳಿಜಾರು ಹುಡುಕಿ ಹುಡುಕಿ ಎಷ್ಟು ದೂರ ನಿಲ್ಲಿಸಿದರೆಂದರೆ, ನಾವು ರೇಷ್ಮೆ ಸೀರೆಯಲ್ಲಿ ನಡೆದು ಮಂಟಪ ಮುಟ್ಟುವಷ್ಟರಲ್ಲಿ ಅಕ್ಷತೆ ಮುಗಿದಿತ್ತು!

“ಊಟಕ್ಕಂತೂ ಬಂದೀವಲ್ಲ?” ಎಂದರು ಕಾಕಾ.

ಪರೀಕ್ಷಿಸದೆ ನಂಬುವ ಅಭ್ಯಾಸ ನನಗಿಲ್ಲ. ಅವರು ಹೇಳಿದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡುತ್ತ ಬಂದೆ. ವರ್ಷದಿಂದ ವರ್ಷಕ್ಕೆ ಎಲ್ಲವೂ ಸರಿಯಾಗಿ ಹೊಂದಿದವು, ಮಳೆಗಾಲದ ಒಂದು ತಾರೀಖು ಬಿಟ್ಟು. ಒಂದು ವರ್ಷ ಅಂದು ಔರಾದಕ್ಕೆ ಮೊದಲ ಬಸ್ಸು ಬಂದಿತ್ತು. ಮರುವರ್ಷ ಅದೇ ದಿನ ಜಪಾನಿನಲ್ಲಿ ಮೂರು ಗಾಲಿಯ ಲಾರಿ ಹುಟ್ಟಿತ್ತು!

“ಸಿಕ್ಕಿಬಿದ್ರಿ ಕಾಕಾ! ಯಾವುದು ಖರೇ?”

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಅವ್ವ ಬಂದು ನನ್ನ ವಹಿ ಮುಚ್ಚಿದಳು. “ಅದೇ ತಾರೀಖಿಗಿ ನಿನ್ನ ಕಾಕೂಗ ಔರಾದದಿಂದ ಬೀದರ್ ದವಾಖಾನಿಗಿ ಕರ್ಕೊಂಡು ಹೊಂಟಿದ್ರು. ನಡುದಾರ್ಯಾಗ ಜೀಪ್ ಬಂದ್ ಬಿತ್ತು. ಸಪಾಟ ರಸ್ತಾ, ಜಿಟಿಜಿಟಿ ಮಳಿ. ಒಬ್ಬರೇ ಎಷ್ಟಂತ ಧಕ್ಕಾ ಹೊಡೀತಾರ? ಆಕಿ ಜೀಪಿನ್ಯಾಗೇ ಹೋದಳು.”

ಈ ವರ್ಷ ಅದೇ ತಾರೀಖಿನ ಬೆಳಿಗ್ಗೆ ಕಾಕಾ ಚಹಾದ ಬಟ್ಟಲನ್ನು ಮುಂದಿಟ್ಟುಕೊಂಡು ಕೂತರು. ಚಹಾ ಕೆನೆಗಟ್ಟಿತು. ಕೊನೆಗೆ ನನ್ನತ್ತ ತಿರುಗಿದರು.

“ಇವತ್ತ ಏನಾಗಿತ್ತವ್ವಾ? ಬ್ಯಾರೇ ಏನೂ ನೆನಪಾಗವಲ್ದು.”

ವಹಿ ನನ್ನ ಕೈಯಲ್ಲೇ ಇತ್ತು. ತೆರೆಯಲಿಲ್ಲ.

“ಭಾಲ್ಕಿಗಿ ಮೊದಲನೇ ಲಾರಿ ಬಂದಿತ್ತು, ಕಾಕಾ.”

“ಯಾವ ಬಣ್ಣದ್ದು?”

“ಹಸಿರು.”

ಅವರು ತಣ್ಣಗಾದ ಚಹಾದ ಬಟ್ಟಲನ್ನು ಕೈಗೆತ್ತಿಕೊಂಡರು.

“ಧಕ್ಕಾ ಬೇಕಾಯ್ತೇನು?”

“ಇಲ್ಲರಿ ಕಾಕಾ. ಮೊದಲನೇ ಸಲಕ್ಕೇ ಚಾಲೂ ಆಯ್ತು.”