ಕಾಕಾನ ಕಾಲರ್ ಟ್ಯೂನ್

ಎತ್ತಬಾರದೆಂದೇ ಫೋನ್ ಇಟ್ಟುಕೊಂಡ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಬ್ಯಾಡಗಿಗೆ ಬಂದು ನಮ್ಮ ಕಾಕಾನನ್ನು ನೋಡಬೇಕು! ಮೆಣಸಿನಕಾಯಿ ಪೇಟೆಯಲ್ಲಿ ಹರಿದ ಗೋಣಿಚೀಲ ಹೊಲಿಯುವುದು ಅವನ ಕಸುಬು, ಜಗಳ ಕಾಯುವುದು ಹವ್ಯಾಸ. ತಗಡಿನ ಮನೆಯಲ್ಲಿ ಅವನೂ ಅವನ ಹೆಂಡತಿ ಕಾಕುವೂ ಇಬ್ಬರೇ.

ಮೊಬೈಲ್ ಊರಿಗೆ ಹೊಸದಾಗಿದ್ದ ಕಾಲ. ಬಂದ ಮೆಸೇಜ್ ಅಳಿಸಲು ಹೋಗಿ ಕಾಕಾ ಯಾವ ಗುಂಡಿ ಒತ್ತಿದನೋ, ಕಾಲರ್ ಟ್ಯೂನ್ ಅಂಟಿಕೊಂಡಿತು. ಅದೂ ಎಂಥದು? ಜೋಗುಳ! ಕೇಳದೆ ಕೊಟ್ಟ ಈ ಹಾಡಿಗೆ ಕಂಪನಿ ತಿಂಗಳಿಗೆ ಮೂವತ್ತು ರೂಪಾಯಿ ಕತ್ತರಿಸತೊಡಗಿತು. ಹಾಡು ಫೋನ್ ಮಾಡಿದವರಿಗೆ, ದುಡ್ಡು ಕೊಟ್ಟವನಿಗೆ ಬರೀ ಟ್ರಿಂಗ್ ಟ್ರಿಂಗ್!

ಅಂದಿನಿಂದ ಕಾಕಾ ಫೋನ್ ಎತ್ತುವುದನ್ನೇ ಬಿಟ್ಟ. "ರೊಕ್ಕ ಕೊಟ್ಟೇನಿ, ಪೂರಾ ಕೇಳ್ಲಿ," ಎನ್ನುವುದು ಅವನ ನ್ಯಾಯ. ಚೀಲ ಬೇಕಾದ ವ್ಯಾಪಾರಿಯೊಬ್ಬ ಮೂರು ಸಲ ಫೋನ್ ಹಚ್ಚಿ, ಕಡೆಗೆ ತಾನೇ ನಡೆದು ಬಂದನಂತೆ, ಆಕಳಿಸುತ್ತ!

ಕಂಪನಿಗೂ ಫೋನ್ ಹೋಯಿತು. ಒಂದು ಒತ್ತಿ, ಎರಡು ಒತ್ತಿ ಎನ್ನುವ ರೆಕಾರ್ಡಿನ ಹೆಣ್ಣುದನಿಯ ಮುಂದೆ ಕಾಕಾ ಗೋಳನ್ನೆಲ್ಲ ತೋಡಿಕೊಂಡ. ಅವಳು ಮತ್ತೆ ಒಂದು ಒತ್ತಿ ಎಂದಳು. ಅವಳ ಮೇಲೆ ಅವನಿಗೆ ಸಿಟ್ಟಿಲ್ಲ. ಪಾಪ, ಸಂಬಳದ ಹುಡುಗಿ!

"ಪ್ಯಾಟ್ಯಾಗ ತೂಕದಾಗ ಮೋಸ ಆದ್ರ ಸಾವ್ಕಾರನ ಅಂಗಡಿ ಮುಂದ ಹೋಗಿ ಕುಂಡ್ರಬಹುದು. ಈ ಸಾವ್ಕಾರನ ಅಂಗಡಿ ಎಲ್ಲೈತಿ?" ಎಂದು ನನ್ನನ್ನು ಕೇಳಿದ. ಕೋಟಿಗಟ್ಟಲೆ ಜನರ ಜೇಬಿಗೆ ಸದ್ದಿಲ್ಲದೆ ಕೈ ಹಾಕಿ ಮಹಲು ಕಟ್ಟುವವನ ವಿಳಾಸ ನನಗೇನು ಗೊತ್ತು?

ನನಗೂ ರೋಷ ಉಕ್ಕಿತು. ಅವನ ಫೋನನ್ನು ನಾನಿರುವ ರಾಣೆಬೆನ್ನೂರಿಗೆ ಒಯ್ದು, ಮೊಬೈಲ್ ಅಂಗಡಿಯವನನ್ನು ಕಾಡಿ ಬೇಡಿ ಟ್ಯೂನ್ ತೆಗೆಸಿದೆ. ಯುದ್ಧ ಗೆದ್ದವನ ಗತ್ತಿನಲ್ಲಿ ಫೋನ್ ಮರಳಿಸಿದೆ.

ಎರಡೇ ದಿನಕ್ಕೆ ಕಾಕಾ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಚಹಾ ಕುಡಿದ, ಮಳೆಯ ಬಗ್ಗೆ ಮಾತಾಡಿದ, ಆಮೇಲೆ ಫೋನನ್ನು ನನ್ನ ಮುಂದಿಟ್ಟ.

"ಅದನ್ನ ಮತ್ತ ಹಾಕ್ಸಿ ಕೊಡಪಾ."

ಕಾಕಾ ಕಂಪನಿಗೆ ಸೋಲುವುದೇ? ನಾನು ಬೆರಗಾಗಿ ನೋಡಿದೆ. ಅವನು ತಲೆ ತಗ್ಗಿಸಿದ.

"ನೀ ಕೊಟ್ಟ ಹಳೇ ಫೋನಿಂದ ನಿಮ್ಮ ಕಾಕು ದಿನಾ ಮಧ್ಯಾಹ್ನ ನನಗ ಹಚ್ತಿದ್ಲು. ಮಾತಾಡಾಕಲ್ಲ, ಹಾಡು ಕೇಳಾಕ. ಎತ್ತಿದ್ರ ಹಾಡು ನಿಂದರತೈತಿ ಅಂತ ನಾ ಎತ್ತತಿದ್ದಿಲ್ಲ."

ಮದುವೆಯಾಗಿ ಇಷ್ಟು ವರ್ಷವಾದರೂ ಆ ಮನೆಯಲ್ಲಿ ಜೋಗುಳ ಹಾಡುವ ಪ್ರಸಂಗ ಬಂದಿರಲಿಲ್ಲ. ಕಾಕುವಿಗೆ ಮಕ್ಕಳಿಲ್ಲ. ಅಂದೇ ಹೋಗಿ ಟ್ಯೂನ್ ಹಾಕಿಸಿದೆ.

ಕಂಪನಿಯನ್ನು ಬೈಯುವುದನ್ನು ಕಾಕಾ ಇನ್ನೂ ಬಿಟ್ಟಿಲ್ಲ. ನಾನು ಮಾತ್ರ ಮಧ್ಯಾಹ್ನದ ಹೊತ್ತು ಅವನಿಗೆ ಫೋನ್ ಹಚ್ಚುವುದಿಲ್ಲ. ಆಗ ಆ ಲೈನು ಕಾಕುವಿನದು.