ಸೌಪರ್ಣಿಕಾ ಬರುವ ದಿನದ ಬಾಗಿಲು

ನಂದಕಿಶೋರನ ಬಾಡಿಗೆ ಮನೆಯ ತಲೆಬಾಗಿಲು ಬೇಸಿಗೆಯಲ್ಲಿ ಸಾಧು, ತುಂತುರು ಬಿತ್ತೆಂದರೆ ರಾಕ್ಷಸ. ನೀರು ಕುಡಿದು ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡರೆ ಏಳು ಕಡಲಾಚೆಯ ಗುಹೆಯ ಬಾಗಿಲಿನಂತೆ, ಯಾವ ಮಂತ್ರಕ್ಕೂ ಜಗ್ಗುತ್ತಿರಲಿಲ್ಲ. ಮದುವೆಯಾಗಿ ಎರಡನೇ ತಿಂಗಳಲ್ಲೇ ಹೆಂಡತಿ ಸೌಪರ್ಣಿಕಾ ಅದರ ಹಿಂದೆ ಸಿಕ್ಕಿಕೊಂಡು ಒಂದು ಗಂಟೆ ಕೂಗಿದ್ದಳು. ಮುಳಬಾಗಿಲಿನ ಆ ಬೀದಿಯೆಲ್ಲ ಸೇರಿ ಭುಜ ಕೊಟ್ಟು ತೆರೆಸಿದಾಗ, ರಾಗಿಹಿಟ್ಟು ಮೆತ್ತಿದ ಕೈಯಲ್ಲೇ ಎಲ್ಲರೆದುರು ನಿಲ್ಲಬೇಕಾಗಿ ಬಂದಿತ್ತು.

ಆಷಾಢಕ್ಕೆ ಮಾಲೂರಿನ ತವರಿಗೆ ಹೊರಡುವಾಗ ಅವಳು ಒಂದೇ ಮಾತು ಹೇಳಿದ್ದಳು.

“ನಾನು ವಾಪಸ್ ಬರೋಷ್ಟ್ರಲ್ಲಿ ಬಾಗಿಲು ಸರಿ ಇರ್ಬೇಕು ಕಣ್ರೀ. ಇಲ್ದಿದ್ರೆ ಈ ಮನೇಲಿ ಕಾಲಿಡಲ್ಲ.”

ಮಾರನೆಯ ದಿನವೇ ಬಡಗಿಯನ್ನು ಕರೆಯಲು ಹೊರಟವನನ್ನು ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ವೆಂಕಟರಮಣಪ್ಪ ತಡೆದರು.

“ಆಷಾಢದಲ್ಲಿ ತಲೆಬಾಗಿಲು ಬಿಚ್ಚೋದಾ? ಯಾರಾದ್ರೂ ಕೇಳಿದ್ರೆ ನಗ್ತಾರಪ್ಪ. ಶ್ರಾವಣ ಬರ್ಲಿ.”

ಹೀಗೆ ತಿಂಗಳಿಡೀ ಬಾಗಿಲು ದೂಡಿ ದೂಡಿ ಅವನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿಯಿತು. ಕೊನೆಗೂ ಶ್ರಾವಣದ ಮೊದಲ ದಿನ ಬಂತು. ಸೌಪರ್ಣಿಕಾ ತಂದೆಯ ಜೊತೆ ಸಂಜೆಯ ಬಸ್ಸಿಗೆ ಬರುವ ದಿನವೂ ಅದೇ. ನಂದಕಿಶೋರ ಸೊಸೈಟಿ ಕೆಲಸಕ್ಕೆ ರಜೆ ಹಾಕಿ, ಹೋಳೂರಿನ ಬಡಗಿ ಕದಿರೇಶನನ್ನು ಬೆಳಿಗ್ಗೆಯೇ ಕರೆಸಿದ.

ಕದಿರೇಶ್ ಬಾಗಿಲನ್ನು ತಟ್ಟಿದ, ಕಿವಿಯಿಟ್ಟು ಕೇಳಿದ, ನಿಟ್ಟುಸಿರು ಬಿಟ್ಟ.

“ಬಿಚ್ಚಲೇಬೇಕು ಸಾಮಿ.”

“ಬಿಚ್ಚೋದ್ಯಾಕೆ ನಾಯನಾ?” ಎಂದು ಎದುರುಮನೆಯ ದೊಡ್ಡಮುನಿಯಮ್ಮ ಬೀದಿ ದಾಟಿ ಬಂದರು. “ಹರಳೆಣ್ಣೆ ಹಚ್ಚು. ನಮ್ಮತ್ತೆ ಮೊಣಕಾಲೇ ಸರಿಹೋಯ್ತು.”

“ಮೊದಲು ಹೊಸಿಲಿಗೆ ಅರಿಶಿನ ಕುಂಕುಮ ಇಡು. ಇದ್ದಕ್ಕಿದ್ದಂಗೆ ಬಾಗಿಲು ಕಿತ್ರೆ ಲಕ್ಷ್ಮಿ ಗಾಬರಿ ಆಗ್ತಾಳೆ,” ಎಂದರು ಮೇಷ್ಟ್ರು. ಲಕ್ಷ್ಮಿಗೆ ಧೈರ್ಯ ತುಂಬುವಷ್ಟರಲ್ಲಿ ಗಂಟೆ ಹತ್ತಾಯಿತು.

ಬಾಗಿಲು ಬೀದಿಗೆ ಬಂತು. ಬಾಗಿಲಿಲ್ಲದ ಮನೆ ಛತ್ರವಾಯಿತು. ಹಾಲು ತಂದವರು, ಪೇಪರ್ ಓದಲು ಬಂದವರು, ಯಾಕೆ ಗುಂಪು ಸೇರಿದೆ ಎಂದು ನೋಡಲು ಬಂದವರು ಎಲ್ಲರೂ ಒಳಗೆ ಹೋಗಿ ಒಂದು ಸುತ್ತು ಹಾಕಿ ಬಂದರು. ದೊಡ್ಡಮುನಿಯಮ್ಮ ಅಡಿಗೆಮನೆಯಿಂದಲೇ ವರದಿ ಕೊಟ್ಟರು.

“ಪಾತ್ರೆ ಮೂರು ದಿನದ್ದು! ಉಪ್ಪಿನಕಾಯಿಗೆ ಉಪ್ಪೇ ಇಲ್ಲ! ಹೆಂಡ್ತಿ ಬರೋ ದಿನ ಹಿಂಗಾ ಇರೋದು ನಾಯನಾ?”

ನಂದಕಿಶೋರ ಪಾತ್ರೆ ತೊಳೆಯಲು ಕೂತ. ಹಿಂದೆ ಉಸಿರಾಡಿದ ಸದ್ದಾಯಿತು. ತಿರುಗಿದರೆ, ಯಾರದೋ ಹಸು ನಡುಮನೆಯಲ್ಲಿ ನಿಂತು ರಾತ್ರಿಯ ಅಡಿಗೆಗೆಂದು ತಂದ ಹೀರೇಕಾಯಿಯನ್ನು ನಿಧಾನವಾಗಿ ಅಗಿಯುತ್ತಿತ್ತು. ಅವನು ಪೊರಕೆ ಎತ್ತಿದ.

“ಏಯ್, ಹೊಡೀಬೇಡ!” ಮೇಷ್ಟ್ರು ಬಾಗಿಲ ಕಂಡಿಯಿಂದ ಕೂಗಿದರು. “ಹಸು ತಾನಾಗೇ ಒಳಗೆ ಬಂದಿದೆ. ಖರ್ಚಿಲ್ದೆ ಗೃಹಪ್ರವೇಶ ಆಯ್ತು ಅಂದ್ಕೋ.”

ಹಸು ಹೀರೇಕಾಯಿ ಮುಗಿಸಿ, ನೆನಪಿಗೆ ಒಂದಿಷ್ಟು ಸಗಣಿ ಹಾಕಿ ಹೋಯಿತು.

ಹೊರಗೆ ಕದಿರೇಶ್ ಬಣ್ಣ ಕೆರೆಯುತ್ತಿದ್ದ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಟಾರಿನಂಥ ಕಪ್ಪು. ಕಪ್ಪನ್ನೂ ಕೆರೆದಾಗ ಬೀದಿಯಲ್ಲಿ ಮಾತು ನಿಂತಿತು. ಅಪ್ಪಟ ತೇಗ! ಮೇಲೆ ಕೆತ್ತಿದ ಎರಡು ಗಿಳಿ, ನಡುವೆ ಅರಳಿದ ತಾವರೆ. ಶಾಪಕ್ಕೆ ಕಪ್ಪೆಯಾಗಿದ್ದ ರಾಜಕುಮಾರಿ ಎದ್ದು ಕೂತಂತೆ ಆ ಬಾಗಿಲು ಬಿಸಿಲಲ್ಲಿ ಹೊಳೆಯಿತು. ಕೆಳಗಿನ ಅಂಚನ್ನು ಕೀಸಿ, ಎಣ್ಣೆ ಕುಡಿಸಿ, ಮೂರು ಗಂಟೆಗೆ ಮತ್ತೆ ನಿಲ್ಲಿಸಿದರು. ಕಿರುಬೆರಳು ಸೋಕಿದರೆ ತೆರೆದುಕೊಳ್ಳುತ್ತಿತ್ತು. ಬೀದಿಯವರೆಲ್ಲ ಸಾಲಾಗಿ ನಿಂತು ತೆರೆದು ಮುಚ್ಚಿ ನೋಡಿದರು. ನಂದಕಿಶೋರನಿಗೆ ಸೌಪರ್ಣಿಕಾಳ ಮುಖದ ನಗು ಆಗಲೇ ಕಂಡಂತಾಯಿತು.

ನಾಲ್ಕಕ್ಕೆ ಒಂದು ಟೆಂಪೋ ಬಂದು ನಿಂತಿತು. ಇಳಿದವರು ಮನೆಯ ಮಾಲೀಕ ಶ್ರೀನಿವಾಸಪ್ಪ. ಶ್ರೀನಿವಾಸಪುರದಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದರು. ಕರೆಯೋಲೆ ಚಾಚಿದ ಕೈ ಹಾಗೇ ನಿಂತಿತು.

“ಅಯ್ಯೋ, ಇದು ನಮ್ಮ ತಾತನ ಕಾಲದ್ದಲ್ವಾ! ಗಿಳಿ ಇತ್ತು ಅಂತ ನಮ್ಮಮ್ಮ ಹೇಳ್ತಿದ್ದಿದ್ದು ಇದೇನಾ!” ಅವರು ಬಾಗಿಲನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡರು.

ನಂದಕಿಶೋರ ಕೈ ಮುಗಿದ. “ಎಲ್ಲಾ ನಿಮ್ಮ ಆಶೀರ್ವಾದ ಸಾರ್.”

ಶ್ರೀನಿವಾಸಪ್ಪ ಗೇಣು ಹಾಕಿ ಅಳೆದರು. ಅವರ ವಂಶದಲ್ಲಿ ಯಾರು ಮನೆ ಕಟ್ಟಿದರೂ ತಲೆಬಾಗಿಲಿಗೆ ಒಂದೇ ಆಯ, ಒಂದೇ ಅಳತೆ.

“ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲ! ನಾಡಿದ್ದು ಮುಹೂರ್ತ, ಮಾಡಕ್ಕೆ ಕೊಟ್ಟ ಬಾಗಿಲು ಸೀಳು ಬಿಟ್ಟಿದೆ, ಏನ್ ಮಾಡೋದು ಅಂತ ಅಲೀತಿದ್ದೆ. ನಮ್ಮ ತಾತನೇ ನಿನ್ನ ಕೈಲಿ ಮಾಡಿಸಿದಾರೆ ಕಣಪ್ಪ!”

“ಸಾರ್, ಅದೂ... ನಮ್ಮ ಮನೆಯವಳು...”

“ಕರ್ಕೊಂಡೇ ಬಾ! ಮೊದಲ ಪಂಕ್ತೀಲಿ ಊಟ. ನಿಂಗೆ ಗೌರಿಹಬ್ಬದೊಳಗೆ ಹೊಸ ಬಾಗಿಲು ಕಳಿಸ್ತೀನಿ.”

“ಬಿಚ್ಚಕ್ಕೆ ಎರಡು ನಿಮಿಷ ಸಾಮಿ,” ಎಂದ ಕದಿರೇಶ್ ಹೆಮ್ಮೆಯಿಂದ. “ಈಗ ತಾನೇ ಕೀಲುಗಳಿಗೆ ಎಣ್ಣೆ ಹಾಕಿದೀನಿ.”

ಗಿಳಿ, ತಾವರೆ ಎಲ್ಲವೂ ಟೆಂಪೋ ಹತ್ತಿ ಶ್ರೀನಿವಾಸಪುರದ ದಾರಿ ಹಿಡಿದವು.

ದೀಪ ಹಚ್ಚುವ ಹೊತ್ತಿಗೆ ಸೌಪರ್ಣಿಕಾ ಬಂದಳು. ಹೊಸಿಲ ಮುಂದೆ ನಿಂತು, ನಡುಮನೆ ದಾಟಿ ಹಿತ್ತಲವರೆಗೂ ನೇರವಾಗಿ ನೋಡಿದಳು.

“ಬಾಗಿಲೆಲ್ರೀ?”

“ಸರಿ ಮಾಡಿಸ್ದೆ ಕಣೇ.”

“ಸರಿ ಮಾಡ್ಸಿದ ಬಾಗಿಲು ಎಲ್ಲಿ?”

“ಸರಿಯಾಗಿದ್ದಕ್ಕೇ ಹೋಯ್ತು.”

ಮಾವನವರು ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಇಳಿಸಿದ್ದ ಚೀಲವನ್ನು ಮತ್ತೆ ಎತ್ತಿಕೊಂಡರು. ಆ ಹೊತ್ತಿಗೆ ಮಾಲೂರಿಗೆ ಬಸ್ಸಿರಲಿಲ್ಲ. ದೊಡ್ಡಮುನಿಯಮ್ಮ ಸೌಪರ್ಣಿಕಾಳ ಕೈ ಹಿಡಿದರು.

“ಹೊಸ ಹುಡುಗಿ ಬಾಗಿಲಿಲ್ಲದ ಮನೇಲಿ ಇರೋದುಂಟಾ? ನಮ್ಮನೆಗೆ ಬಾರಮ್ಮ. ನೀವೂ ಬನ್ನಿ ಅಣ್ಣಾ.”

ಮನೆ ಬಿಟ್ಟು ಕದಲುವಂತಿಲ್ಲ. ನಂದಕಿಶೋರ ಕುರ್ಚಿ ತಂದು ಹೊಸಿಲಿಗೆ ಅಡ್ಡ ಹಾಕಿ ಕೂತ. ಎದುರುಮನೆಯಿಂದ ಒಬ್ಬಟ್ಟಿನ ಪರಿಮಳ ಬೀದಿ ದಾಟಿ, ಅವನನ್ನು ಹಾದು ಸಲೀಸಾಗಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಸೌಪರ್ಣಿಕಾ ಅಲ್ಲಿಯ ಬಾಗಿಲಲ್ಲಿ ಕಾಣಿಸಿಕೊಂಡಳು.

“ರೀ, ಎಲೆ ಹಾಕಿದಾರೆ. ಬರ್ತೀರಾ?”

“ಹೆಂಗ್ ಬರ್ಲೇ? ಮನೆ ತೆರೆದೇ ಇದೆ.”

“ಹೌದಲ್ವಾ,” ಎಂದಳು ಅವಳು. “ಹಂಗಾದ್ರೆ ಹುಷಾರಾಗಿ ಕೂತಿರಿ.”

ದೊಡ್ಡಮುನಿಯಮ್ಮನ ಮನೆಯ ಬಾಗಿಲು ಸ್ವಲ್ಪವೂ ಸದ್ದು ಮಾಡದೆ ಮುಚ್ಚಿಕೊಂಡಿತು.