ಬಲ ಹದಿನೆಂಟು, ಬುದ್ಧಿ ಒಂದು

ಭೈರೇಶನ ಮದುವೆಯ ಮಾತುಕತೆಯನ್ನು ಈ ಸಲ ನಾನೊಬ್ಬನೇ ನಿಂತು ಗೆಲ್ಲಿಸಿಕೊಡುತ್ತೇನೆ ಎಂದು ಶನಿವಾರ ಊಟಕ್ಕೆ ಕೂತಾಗ ಘೋಷಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುದ್ದೆ ಮುರಿಯುತ್ತಿದ್ದ ಭೈರೇಶನ ಕೈ ಮಾತ್ರ ಅಲ್ಲೇ ನಿಂತಿತು. ಅವನು ನನ್ನ ಅಣ್ಣನ ಮಗ. ಅಣ್ಣ ಅತ್ತಿಗೆ ಇಬ್ಬರೂ ಇಲ್ಲ. ನಮ್ಮ ಮನೆಯಲ್ಲೇ ಬೆಳೆದು, ಈಗ ಕಡೂರು ಬಸ್ ಸ್ಟ್ಯಾಂಡ್ ಹಿಂದೆ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ.

“ಚಿಕ್ಕಪ್ಪ, ನೀವು ಸುಮ್ನೆ ಕೂತಿದ್ರೂ ಸಾಕು,” ಎಂದ.

“ಸುಮ್ನೆ ಕೂರೋಕೆ ನಾನೇ ಯಾಕೋ ಬೇಕು?”

“ನಾವೂ ಅದನ್ನೇ ಯೋಚ್ನೆ ಮಾಡ್ತಿರೋದು,” ಎಂದಳು ನನ್ನ ಹೆಂಡತಿ ಶಾಂಭವಿ.

ಓದುಗರಿಗೆ ನನ್ನ ಪರಿಚಯ ಬೇಕಿಲ್ಲ, ಆದರೂ ಮಾಡಿಕೊಡುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಮೈಕ್ ನೆಟ್ಟ ಕಡೆಯೆಲ್ಲ ನಾನಿರುತ್ತೇನೆ. ಹಗಲು ಗುಮಾಸ್ತ, ಸಂಜೆ ನಿರೂಪಕ. ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ ಎಲ್ಲಕ್ಕೂ ಒಂದೇ ಗಂಟಲು. ನನ್ನ ವಂದನಾರ್ಪಣೆ ಮುಗಿಯುವ ಹೊತ್ತಿಗೆ ಶಾಮಿಯಾನದವನು ಕುರ್ಚಿ ಮಡಚಿ ಲಾರಿಗೆ ತುಂಬಿರುತ್ತಾನೆ. ನಾನು ಆ ಲಾರಿಗೂ ವಂದಿಸಿಯೇ ವೇದಿಕೆ ಇಳಿಯುವುದು.

ಇಂಥ ನಾಲಿಗೆಯ ಆಸರೆ ಇದ್ದೂ ಭೈರೇಶನಿಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಎರಡು ಕಡೆಯೂ ಮಾತಾಡಿದ್ದು ನಾನೇ ಎಂಬುದು ಬರೀ ಕಾಕತಾಳೀಯ. ಬೀರೂರಿನವರ ಮುಂದೆ ಹುಡುಗನ ಪ್ರಾಮಾಣಿಕತೆಯನ್ನು ಹೊಗಳುವ ಭರದಲ್ಲಿ, ಕೆಲಸ ಕಲಿಯುವಾಗ ಅವನು ಸುಟ್ಟುಹಾಕಿದ ಮೋಟಾರುಗಳನ್ನೆಲ್ಲ ಊರಿನ ಹೆಸರಿನ ಸಮೇತ ಒಪ್ಪಿಸಿದೆ. ಅದರಲ್ಲೊಂದು ಹುಡುಗಿಯ ಸೋದರಮಾವನದು. ಲಿಂಗದಹಳ್ಳಿಯವರಿಗೆ ಮದುವೆ ಎಂಬ ಸಂಸ್ಥೆ ಹೇಗೆ ಹುಟ್ಟಿ ಬೆಳೆಯಿತು ಎಂದು ವಿವರಿಸಲು ಹೊರಟೆ. ನಾನು ಶಿಲಾಯುಗ ದಾಟುವುದರೊಳಗೆ ಅವರು ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟರು.

ಈಗ ಮೂರನೆಯದು. ತರೀಕೆರೆಯ ಕಾಂತರಾಜು ಅವರ ಮಗಳು ತನುಜಾ. ನಾನು ಎಲ್ಲೋ ಮೈಕ್ ಹಿಡಿದಿದ್ದ ದಿನ ಶಾಂಭವಿ ಭೈರೇಶನನ್ನು ಕರೆದುಕೊಂಡು ಹೋಗಿ ಹುಡುಗಿ ನೋಡಿ ಬಂದಿದ್ದಳು, ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹುಡುಗಿಯ ಕಡೆಯವರು ಬಂದು ನಮ್ಮ ಮನೆ ನೋಡಿ ‘ಹೂಂ’ ಎನ್ನುವುದೊಂದೇ ಬಾಕಿ. ತನುಜಾಳ ಫೋನ್ ಬಂದರೆ ಭೈರೇಶ ಕೈಯಲ್ಲಿದ್ದ ತಾಮ್ರದ ತಂತಿಯನ್ನೂ ಎದುರಿಗಿದ್ದ ಗಿರಾಕಿಯನ್ನೂ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದ. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಎತ್ತಬೇಡಿ ಎಂದು ಅಜ್ಜಿಗೆ, ಅಂದರೆ ನನ್ನ ಅವ್ವ ಹುಚ್ಚಮ್ಮನಿಗೆ, ಹೇಳಿದ್ದನಂತೆ. ಕಾಂತರಾಜು ಬರುವುದು ಸೋಮವಾರ ಎಂದು ಶಾಂಭವಿ ನನಗೆ ತಿಳಿಸಿದ್ದಳು.

ಭಾನುವಾರ ಬೆಳಿಗ್ಗೆ ನಾನು ಸೋಮವಾರದ ಭಾಷಣಕ್ಕೆ ಮೊದಲ ಸಾಲು ಹುಡುಕುತ್ತಿದ್ದಾಗ ಮಗಳು ನಿಖಿತಾ ಬಂದು ಪಕ್ಕದಲ್ಲಿ ಕೂತಳು. ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ. ಅವಳ ಹಾಸ್ಟೆಲಿನಲ್ಲಿ ಒಂದು ಆಟ ಆಡುತ್ತಾರಂತೆ. ಒಬ್ಬರು ಕಥೆ ಹೇಳುವುದು, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನಡೆಯುವುದು. ಪಾತ್ರಕ್ಕೆ ಬಲ ಎಷ್ಟು, ವರ್ಚಸ್ಸು ಎಷ್ಟು, ಬುದ್ಧಿ ಎಷ್ಟು ಎಂಬುದನ್ನು ದಾಳ ಹಾಕಿ ಗೊತ್ತುಮಾಡುವುದು. ಕಡಿಮೆ ಬಿದ್ದರೆ ಅದರ ಫಲವನ್ನೂ ಅನುಭವಿಸುವುದು.

“ಸಂಜೆ ದೀಪ ಹಚ್ಚೋವರೆಗೂ ಪಾತ್ರದಿಂದ ಆಚೆ ಬರೋ ಹಾಗಿಲ್ಲ ಅಪ್ಪ. ಆಡ್ತೀರಾ?”

“ನಿಮ್ಮಪ್ಪನ ಕೈಲಿ ಅರ್ಧ ಗಂಟೆ ಆಗಲ್ಲ, ಬಿಡೇ,” ಎಂದು ಅಡುಗೆಮನೆಯಿಂದ ಶಾಂಭವಿಯ ದನಿ ಬಂತು.

ಪಾತ್ರದ ವಿಷಯದಲ್ಲಿ ನನಗೇ ಸವಾಲು! ಊರ ನಾಟಕದಲ್ಲಿ ದ್ವಾರಪಾಲಕನಾಗಿ ನಾನು ನಿಂತ ನಿಲುವನ್ನು ಕಂಡವರು ಇನ್ನೂ ಬದುಕಿದ್ದಾರೆ. “ಮಧ್ಯದಲ್ಲಿ ಆಚೆ ಬಂದ್ರೆ ಒಂದು ವರ್ಷ ಮೈಕ್ ಮುಟ್ಟಲ್ಲ, ತಿಳ್ಕೊ,” ಎಂದುಬಿಟ್ಟೆ. ಅಡುಗೆಮನೆಯಲ್ಲಿ ಸೌಟಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ನನ್ನ ವೀರನಿಗೆ ಪ್ರಚಂಡಸೇನ ಎಂದು ಹೆಸರಿಟ್ಟೆ. ದಾಳ ಹಾಸ್ಟೆಲಿನಲ್ಲೇ ಮರೆತು ಬಂದಿದ್ದೇನೆ ಎಂದು ನಿಖಿತಾ ಪೇಚಾಡಿದಳು. ಅವ್ವ ಮಾತಾಡದೆ ಸೊಂಟದ ಚೀಲದಿಂದ ಚೌಕಾಬಾರದ ಕವಡೆಗಳನ್ನು ತೆಗೆದು ನೆಲದ ಮೇಲಿಟ್ಟಳು. ಆರು ಕವಡೆ ಮೂರು ಸಲ ಹಾಕುವುದು, ಬಾಯಿ ಮೇಲಾಗಿ ಬಿದ್ದವನ್ನು ಕೂಡುವುದು ಎಂದು ತೀರ್ಮಾನವಾಯಿತು. ಹಿರಿಯರ ಕೈಯಿಂದಲೇ ಬೀಳಲಿ ಎಂದು ಕವಡೆಗಳನ್ನು ಅವ್ವನ ಅಂಗೈಗೆ ಹಾಕಿದವನು ನಾನೇ.

ಬಲಕ್ಕೆ ಹಾಕಿದಳು. ಆರಕ್ಕೆ ಆರೂ ಬಾಯಿ ಮೇಲೆ. ಮತ್ತೆ ಆರು. ಮತ್ತೂ ಆರು. ಹದಿನೆಂಟು! ನನಗೆ ಮೈ ಜುಮ್ಮೆಂದಿತು. ವರ್ಚಸ್ಸಿಗೆ ಹಾಕಿದಳು: ಒಂದು, ಒಂದು, ಸೊನ್ನೆ. ಹೋಗಲಿ, ವೀರನಿಗೆ ಅಲಂಕಾರ ಯಾಕೆ. ಬುದ್ಧಿಗೆ ಹಾಕುವಾಗ ಮಾತ್ರ ಅವ್ವ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಬಹಳ ಹೊತ್ತು ಕುಲುಕಿ ಬಿಟ್ಟಳು. ಸೊನ್ನೆ. ಸೊನ್ನೆ. ಒಂದು.

ನಿಖಿತಾ ಫೋನಿನಲ್ಲಿದ್ದ ನಿಯಮದ ಪುಸ್ತಕವನ್ನು ಮೇಲೆ ಕೆಳಗೆ ಎಳೆದಾಡಿದಳು. “ದಾಳದಲ್ಲಾದ್ರೆ ಎಷ್ಟು ಕೆಟ್ಟದಾಗಿ ಬಿದ್ರೂ ಸಲಕ್ಕೊಂದರಂತೆ ಮೂರು ಸಿಗುತ್ತೆ ಅಪ್ಪ. ಇದನ್ನ ಬರೆದೋರಿಗೆ ಕವಡೆ ಗೊತ್ತಿಲ್ಲ. ಬುದ್ಧಿ ಮೂರಕ್ಕಿಂತ ಕೆಳಗಿರೋ ಮನುಷ್ಯರೇ ಇಲ್ಲ ಇದ್ರಲ್ಲಿ.”

“ಮತ್ತೆ ಯಾರಿದಾರೆ?”

“ಬುದ್ಧಿ ಒಂದು ಅಂದ್ರೆ... ದನ.”

“ಅಮೃತಮಹಲ್ ಹೋರಿ ಆದೆ ಕಣೋ,” ಎಂದಳು ಅವ್ವ. “ಮೈ ನೋಡಿದ್ರೆ ಕೈ ಮುಗೀಬೇಕು.”

“ದನಕ್ಕೆ ಮಾತು ಬರಲ್ಲ ಅಪ್ಪ. ಇನ್ಮೇಲೆ ಒಂದು ಪದಾನೂ ಆಡೋ ಹಾಗಿಲ್ಲ.”

“ಅದ್ಹೇಗೆ...”

“ಇದನ್ನೂ ಕೇಳೋ ಹಾಗಿಲ್ಲ. ಇದೊಂದು ಸಲ ಬಿಟ್ಟಿದೀನಿ.”

ಆಮೇಲೆ ನಡೆದದ್ದನ್ನು ನೆನೆದರೆ ಆ ಆಟ ಕಟ್ಟಿದವರಿಗೆ ದೂರದಿಂದಲೇ ನಮಸ್ಕರಿಸಬೇಕೆನಿಸುತ್ತದೆ. ಕಥೆಯಲ್ಲಿ ಪ್ರಚಂಡಸೇನ ಒಂದು ಗುಹೆಯ ಬಾಗಿಲಿಗೆ ಬಂದ. ಕಾವಲುಗಾರ ‘ಯಾರು ನೀನು’ ಎಂದು ಕೇಳಿದ. ಪ್ರಚಂಡಸೇನನಿಗೆ ತಾನು ಯಾರೆಂದು ಹೇಳಲು ಬರುವುದಿಲ್ಲ. ಕಾವಲುಗಾರ ಅವನನ್ನು ಕಲ್ಲು ಹೊರಲು ಹಚ್ಚಿದ. ಅಲ್ಲಿಗೆ ಕಥೆ ಗುಹೆ ಬಿಟ್ಟು ನಮ್ಮ ಮನೆಗೆ ಬಂತು. ಬಲ ಹದಿನೆಂಟು ಇದ್ದವನು ಸೋಫಾ ಸರಿಸಿದ, ಪಕ್ಕದ ಮನೆಯಿಂದ ಬೆಂಚು ಹೊತ್ತು ತಂದ, ನೀರಿನ ಡ್ರಮ್ ತುಂಬಿಸಿದ. ವರ್ಚಸ್ಸು ಎರಡು ಇದ್ದವನಿಗೆ ಇಸ್ತ್ರಿ ಮಾಡಿದ ಬಟ್ಟೆ ಸಲ್ಲದೆಂದು ನನ್ನ ಶರ್ಟು ಬೀರುವಿನೊಳಗೆ ಹೋಯಿತು. ಮೈಮೇಲೆ ಉಳಿದದ್ದು ತೂತುಬಿದ್ದ ಬನಿಯನ್ನು, ಲುಂಗಿ, ತಲೆಗೊಂದು ಟವೆಲ್. ಸೋಮವಾರಕ್ಕೆ ಭಾನುವಾರವೇ ಕೇಸರಿಬಾತ್ ಯಾಕೆ, ಭೈರೇಶ ಯಾಕೆ ಇಷ್ಟು ನುಣ್ಣಗೆ ಶೇವ್ ಮಾಡಿದ್ದಾನೆ ಎಂದು ನನಗೆ ಹೊಳೆಯಬೇಕಿತ್ತು. ಆದರೆ ಬುದ್ಧಿ ಒಂದಕ್ಕೆ ಇಳಿದಿತ್ತಲ್ಲ.

ಮಧ್ಯಾಹ್ನ ಗ್ಯಾಸ್ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೇನೆ, ಮನೆ ಮುಂದೆ ಕಾರು ನಿಂತಿತು. “ಬನ್ನಿ ಮಾವ,” ಎಂದು ಭೈರೇಶ ಓಡಿದ, ಕಾಂತರಾಜು ದಂಪತಿ ಇಳಿದರು. ನಾನು ಶಾಂಭವಿಯ ಕಡೆ ತಿರುಗಿದೆ. ಅವಳ ಮುಖ ಕೆರೆಯ ನೀರಿನಂತೆ ಶಾಂತವಾಗಿತ್ತು.

ಕಾಂತರಾಜು ಹಣ್ಣಿನ ಚೀಲವನ್ನು ನನ್ನ ಖಾಲಿ ಕೈಗೆ ಸಿಗಿಸಿದರು. “ಒಳಗಿಡಪ್ಪಾ,” ಎಂದರು.

ಒಳಗಿಟ್ಟೆ.

ಬಾಯಿ ತೆಗೆದರೆ ಒಂದು ವರ್ಷ ಮೈಕಿಲ್ಲ. ತೆಗೆಯದಿದ್ದರೆ ಸಂಬಂಧ ಮಾತಾಡಲು ಈ ಮನೆಯಲ್ಲಿ ಇನ್ನು ಯಾರಿದ್ದಾರೆ? ನಾನು ಗೋಡೆಗೆ ಒರಗಿ, ಮುಳುಗುತ್ತಿರುವ ಹಡಗನ್ನು ದಡದಿಂದ ನೋಡುವವನಂತೆ ನಿಂತೆ.

ಕಾಫಿ ಮುಗಿಸಿ ಕಾಂತರಾಜು ಲೋಟ ಕೆಳಗಿಟ್ಟರು. “ಅಲ್ಲಪ್ಪಾ ಭೈರೇಶ್, ಈ ರಿವೈಂಡಿಂಗ್ ಕೆಲ್ಸ ನೆಚ್ಕೊಂಡು ಹೆಂಗೆ? ಕರೆಂಟೇ ಸರಿಯಾಗಿರಲ್ಲ ನಮ್ಮ ಕಡೆ.”

ಈ ಪ್ರಶ್ನೆಗೆ ನನ್ನಲ್ಲಿ ಇತಿಹಾಸ, ಅಂಕಿಅಂಶ, ಎರಡು ವಚನ ತಯಾರಿದ್ದವು. ಗಂಟಲಿನವರೆಗೂ ಬಂದವು. ಮೂಲೆಯಲ್ಲಿ ಅವ್ವನ ಮುಷ್ಟಿಯೊಳಗೆ ಕವಡೆಗಳು ಗಲಗಲ ಎಂದವು. ನುಂಗಿಕೊಂಡೆ.

ಭೈರೇಶ ಅಭ್ಯಾಸಬಲದಿಂದ ನನ್ನ ಮುಖ ನೋಡಿದ. ಅಲ್ಲಿಂದ ಏನೂ ಬರದಿದ್ದುದನ್ನು ಕಂಡು ತಾನೇ ಹೇಳಿದ: “ಕರೆಂಟ್ ಸರಿಯಾಗಿದ್ರೆ ಮೋಟಾರ್ ಸುಡಲ್ಲ ಮಾವ. ಸರಿಯಾಗಿಲ್ದೇ ಇದ್ರೇ ನಮ್ಗೆ ಕೆಲ್ಸ.”

ಕಾಂತರಾಜು ಹೊಟ್ಟೆ ಹಿಡಿದು ನಕ್ಕರು. ನಾನು ಬೆರಗಾಗಿ ನಿಂತೆ. ಎಷ್ಟೋ ವರ್ಷದಿಂದ ಒಂದೇ ಸೂರಿನಡಿ ಇದ್ದೇವೆ, ಈ ಹುಡುಗನ ಒಂದು ವಾಕ್ಯ ಕೊನೆಯವರೆಗೂ ಹೋಗಿ ಮುಟ್ಟಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಬೇರೆ ದಿನ ಅವನ ಅರ್ಧ ವಾಕ್ಯ ನಾನೇ ಮುಗಿಸುತ್ತಿದ್ದೆ. ಶಾಂಭವಿ ಕಾಂತರಾಜು ಅವರ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋಗಿ ಮಹಡಿಯ ರೂಮು, ಬಾವಿ, ಬಚ್ಚಲು ತೋರಿಸಿಕೊಂಡು ಬಂದಳು. ಇಬ್ಬರೂ ಅಕ್ಕತಂಗಿಯರಂತೆ ತೋಳು ಹಿಡಿದುಕೊಂಡು ಬಂದರು. ಇಷ್ಟೆಲ್ಲ ಸ್ವಾಗತ ಭಾಷಣವಿಲ್ಲದೆ ನಡೆಯಿತೆಂದರೆ ನಂಬುತ್ತೀರಾ?

ಆಗ ಕಾಂತರಾಜು ಅವ್ವನ ಕಡೆ ತಿರುಗಿದರು. “ಎಲ್ಲಾ ಒಪ್ಪಿಗೆ ಕಣಮ್ಮ. ಒಂದೇ ಒಂದು ಭಯ. ಹುಡುಗನ ಚಿಕ್ಕಪ್ಪ ಮೈಕ್‌ನೋರಂತೆ. ಹೋದ್ವರ್ಷ ನಮ್ಮೂರ ಸಭೆಗೆ ಲೌಡ್‌ಸ್ಪೀಕರ್ ನಮ್ಮ ಕೊಟ್ಟಿಗೆ ಮುಂದೇನೇ ಕಟ್ಟಿದ್ರು. ಅವ್ರ ಮುಖ ಕಂಡಿಲ್ಲ, ದನಿ ಮಾತ್ರ ಸಾಯೋವರೆಗೂ ಮರೆಯಲ್ಲ. ವಂದನಾರ್ಪಣೆ ಮುಗಿಯೋವರೆಗೂ ಎಮ್ಮೆ ಹಾಲೇ ಕೊಡ್ಲಿಲ್ಲ. ಅವ್ರು ಈ ಮನೇಲೇ ಇರೋದಾ? ನಮ್ಮ ಹುಡುಗಿ ದಿನಾ ಅದನ್ನ ಕೇಳ್ಬೇಕಾ?”

“ಅವನು ಇವತ್ತಿಲ್ಲ ಕಣಪ್ಪ,” ಎಂದಳು ಅವ್ವ, ನನ್ನನ್ನೇ ನೋಡುತ್ತ.

“ಹಂಗಾದ್ರೆ ಇವ್ರು ಯಾರು? ಬಂದಾಗಿಂದ ನೋಡ್ತಿದೀನಿ, ಪಾಪ, ಹೊರೋದೆಲ್ಲಾ ಹೊತ್ತು ಗೋಡೆಗೆ ಒರಗಿ ನಿಂತೇ ಇದಾರೆ.”

ಭೈರೇಶ ಎದ್ದು ನಿಂತ. ಶಾಂಭವಿ ಅವನ ಶರ್ಟಿನ ತುದಿ ಹಿಡಿದೆಳೆದಳು, ಅವನು ಕೇಳಲಿಲ್ಲ.

“ಸುಳ್ಳು ಬೇಡ ಅಜ್ಜಿ. ಮಾವ, ಇವ್ರೇ ನಮ್ ಚಿಕ್ಕಪ್ಪ. ನನ್ನ ಸಾಕಿದೋರು.”

ಕಾಂತರಾಜು ನನ್ನನ್ನು ಟವೆಲಿನಿಂದ ಲುಂಗಿಯವರೆಗೂ ಒಮ್ಮೆ ನೋಡಿದರು. ಮನೆಯವರೆಲ್ಲರ ಕಣ್ಣು ನನ್ನ ಬಾಯಿಯ ಮೇಲಿತ್ತು. ದೇವರ ಮನೆಯಲ್ಲಿ ದೀಪ ಇನ್ನೂ ಹಚ್ಚಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ದೀಪವಾಗಲಿ ಮೈಕಾಗಲಿ ನನಗೆ ನೆನಪಿಗೆ ಬರಲಿಲ್ಲವೆಂದರೆ ನೀವು ನಂಬಬೇಕು. ಭೈರೇಶ ನನ್ನ ಪಕ್ಕಕ್ಕೆ ಬಂದು ನಿಂತಿದ್ದ. ನಾನು ಎರಡೂ ಕೈ ಜೋಡಿಸಿದೆ, ತಲೆ ಬಾಗಿಸಿದೆ, ಅಷ್ಟೇ. ನನ್ನ ಬದುಕಿನ ಅತ್ಯಂತ ಚಿಕ್ಕ ವಂದನಾರ್ಪಣೆ ಅದು.

ಕಾಂತರಾಜು ಎದ್ದು ನಿಂತು ತಾವೂ ಕೈ ಮುಗಿದರು. ಆಮೇಲೆ ಹೆಂಡತಿಯ ಕಡೆ ನೋಡಿ ಹೇಳಿದರು. “ಅಂಥ ಮಾತುಗಾರ್ರು ಹುಡುಗನಿಗೋಸ್ಕರ ಇಷ್ಟು ಹೊತ್ತು ಬಾಯಿ ಕಟ್ಕೊಂಡಿದಾರೆ ಅಂದ್ರೆ, ನಮ್ಮ ಹುಡುಗೀನ ಚೆನ್ನಾಗೇ ನೋಡ್ಕೋತಾರೆ ಕಣೇ. ಹೂಂ ಅನ್ನೋಣ.” ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದರು. “ಮದುವೆ ದಿನ ಮಾತ್ರ ಮೈಕ್ ಬೇಡ.”

ಅವರ ಕಾರಿನ ಡಿಕ್ಕಿಗೆ ತೆಂಗಿನಕಾಯಿ ಮೂಟೆ ಹೊತ್ತು ಹಾಕಿದವನೂ ನಾನೇ.

ದೀಪ ಹಚ್ಚಿದ ಮೇಲೆ ನನಗೆ ಮಾತು ಬಂತು, ಆಡಲು ಮಾತ್ರ ಏನೂ ಇರಲಿಲ್ಲ. ಸುಮ್ಮನೆ ಕವಡೆಗಳನ್ನು ಎತ್ತಿಕೊಂಡು ಹಾಕುತ್ತ ಕೂತೆ. ಎರಡು ಬಿತ್ತು, ಮೂರು ಬಿತ್ತು. ಎಷ್ಟು ಹಾಕಿದರೂ ಆರು ಬೀಳಲೊಲ್ಲದು. ಅವ್ವ ಎಲೆಗೆ ಸುಣ್ಣ ಹಚ್ಚುತ್ತಲೇ ಇನ್ನೊಂದು ಕೈಯಲ್ಲಿ ಅವನ್ನು ತೆಗೆದುಕೊಂಡು, ನೋಡದೆಯೇ ಬಿಟ್ಟಳು. ಆರು. ಮತ್ತೆ ಬಿಟ್ಟಳು. ಆರು. ಅವಳನ್ನು ಚೌಕಾಬಾರದಲ್ಲಿ ಸೋಲಿಸಿದವರು ಊರಲ್ಲಿ ಯಾಕೆ ಒಬ್ಬರೂ ಇಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಭಯಭಕ್ತಿಯಿಂದ ಕೇಳಿದೆ.

“ಅವ್ವ, ಬೆಳಿಗ್ಗೆ ಎಲ್ಲಾ ನೀನೇ ಬೇಕಂತ ಬೀಳ್ಸಿದ್ದಾ?”

“ಬೆಂಚು ಹೊರೋಕೆ ಯಾರೂ ಇರ್ಲಿಲ್ಲ, ಅದಕ್ಕೆ ಬಲ ಏರಿಸ್ದೆ. ನೀನು ಮುಂದೆ ಬಂದು ಕೂರ್ಬಾರ್ದು ಅಂತ ವರ್ಚಸ್ಸು ಇಳಿಸ್ದೆ. ನಿನ್ ಹೆಂಡ್ತಿ ಮಗಳು ಹೇಳಿದ್ದು ಅಷ್ಟೇ.”

“ಮತ್ತೆ ಬುದ್ಧಿ?”

ಅವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡಳು.

“ಅದಕ್ಕೆ ನಾನು ಕೈ ಹಾಕ್ಲಿಲ್ಲ ಕಣೋ. ಹೆತ್ತ ಹೊಟ್ಟೆ, ದೇವ್ರು ಕೊಟ್ಟಷ್ಟು ಕೊಡ್ಲಿ ಅಂತ ಕಣ್ಮುಚ್ಚಿ ಹಾಕ್ದೆ. ಅದು ತಾನಾಗೇ ಬಿದ್ದಿದ್ದು.”